ಪಿಯುಸಿ ಮಗುವಿನ ವಿದೇಶಿ ಕಾಲೇಜು ಪ್ರಬಂಧ: ಮನೆಯವರು ಎಷ್ಟು ಕೈ ಹಾಕಬೇಕು?

ಅಮೆರಿಕದ ಹಲವು ಕಾಲೇಜುಗಳ ಅರ್ಜಿಯಲ್ಲಿ ಮಗು ತನ್ನ ಬಗ್ಗೆ ಒಂದು ಪ್ರಬಂಧ ಬರೆಯಬೇಕು. ಆ ಅರ್ಜಿ ಹಾಕುವ ಆನ್‌ಲೈನ್ ವೇದಿಕೆ ಕಾಮನ್ ಆ್ಯಪ್ ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. ಕೊಡಗಿನಲ್ಲಿ ಅದು ಮಳೆ ಹಿಡಿದ ಕಾಲ. ತಂತಿ ಮೇಲೆ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹಾಗಾಗಿ ಪ್ರಥಮ ಪಿಯು ಮುಗಿದ ಏಪ್ರಿಲ್–ಮೇ ರಜೆಯಲ್ಲೇ ಕೆಲಸ ಶುರು ಮಾಡಿ.

ಮೊದಲ ದಿನ ಬರೆಯಿಸಬೇಡಿ, ಮಾತಾಡಿಸಿ. ಮನೆಯಲ್ಲಿ ಆಡುವುದು ಕೊಡವ ತಕ್ಕೋ ಅರೆಭಾಷೆಯೋ ಕನ್ನಡವೋ, ಅದರಲ್ಲೇ ಆಗಲಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಮುಕ್ಕಾಲು ಗಂಟೆ ಸಾಕು. ಯಾರೂ ಹೇಳದೆ ನೀನಾಗಿ ಮಾಡಿದ ಕೆಲಸ ಯಾವುದು? ಯಾವ ವಿಷಯದಲ್ಲಿ ನಿನ್ನ ಅಭಿಪ್ರಾಯ ಬದಲಾಯಿತು? ಮನೆಯಲ್ಲಿ ಯಾವ ಕೆಲಸಕ್ಕೆ ನಿನ್ನನ್ನೇ ಕರೆಯುತ್ತಾರೆ? ಹೆಚ್ಚಿನ ಪ್ರಬಂಧಗಳು ಹುಟ್ಟುವುದು ಈ ಮೂರನೆಯ ಪ್ರಶ್ನೆಯಿಂದ.

ನಮ್ಮ ಕಡೆಯ ಮಕ್ಕಳ ಮೊದಲ ಕರಡು ಸಾಮಾನ್ಯವಾಗಿ ಹೋಂಸ್ಟೇ ಜಾಹೀರಾತಿನಂತಿರುತ್ತದೆ: ಮಂಜು, ಕಾಫಿ ಹೂವು, ಭಾರತದ ಸ್ಕಾಟ್ಲೆಂಡ್, ಸೈನ್ಯಕ್ಕೆ ಹೋದ ಅಜ್ಜ. ಅದರಲ್ಲಿ ಊರಿದೆ, ಮಗು ಇಲ್ಲ. ಹೀಗೆ ತಿರುಗಿಸಿ: ಫೆಬ್ರವರಿಯಲ್ಲಿ ರೊಬಸ್ಟಾ ಕಾಫಿಗೆ ನೀರು ಬಿಡುವಾಗ ಸ್ಪ್ರಿಂಕ್ಲರ್ ಪೈಪ್ ಯಾವಾಗ ಬದಲಿಸಬೇಕು ಎಂದು ಹುಡುಗಿಗೂ ಅಜ್ಜನಿಗೂ ವಾದ. ಅವಳು ಮಣ್ಣು ಅಗೆದು, ನೀರು ಎಷ್ಟು ಇಂಚು ಇಳಿದಿದೆ ಎಂದು ಸ್ಕೇಲಿನಲ್ಲಿ ಅಳೆಯುತ್ತಾಳೆ. ಒಂದು ಜಾಗದಲ್ಲಿ ಅಜ್ಜ ಹೇಳಿದ್ದೇ ಸರಿ, ಇಳಿಜಾರಿನಲ್ಲಿ ಇವಳದ್ದು. ಈಗ ಓದುವವರಿಗೆ ಅವಳು ಹೇಗೆ ಯೋಚಿಸುತ್ತಾಳೆ ಎಂಬುದು ಸಿಕ್ಕಿತು.

2018ರ ಭೂಕುಸಿತದ ಬಗ್ಗೆ ಬರೆಯುವುದಾದರೆ ಎಚ್ಚರ. ಆಗ ಈ ಮಕ್ಕಳು ಪ್ರೈಮರಿ ಶಾಲೆಯಲ್ಲಿದ್ದರು. ದೊಡ್ಡವರ ಬಾಯಲ್ಲಿ ಕೇಳಿದ್ದನ್ನು ತನ್ನ ನೆನಪು ಎಂದು ಬರೆದರೆ ಪೊಳ್ಳಾಗಿ ಕೇಳುತ್ತದೆ. ದುರಂತಕ್ಕೆ 80 ಪದ ಕೊಟ್ಟು, ಉಳಿದದ್ದೆಲ್ಲ ಆಮೇಲೆ ಮಗು ಏನು ಮಾಡಿತು ಎಂಬುದಕ್ಕೆ ಇರಲಿ.

ಮುಖ್ಯ ಪ್ರಬಂಧಕ್ಕೆ ಕನಿಷ್ಠ 250, ಗರಿಷ್ಠ 650 ಪದ. ಮೊದಲ ಕರಡು 900ಕ್ಕೆ ಹೋದರೂ ಹೋಗಲಿ. ಕಡಿಯುವಾಗ ಮೊದಲ ಪ್ಯಾರಾದ ಮೇಲೆ ಕಣ್ಣಿಡಿ. ಅದು ಬಹುಪಾಲು ಗಂಟಲು ಸರಿಮಾಡಿಕೊಳ್ಳುವ ಪ್ಯಾರಾ, ನಿಜವಾದ ಆರಂಭ ಎರಡನೆಯದರಲ್ಲಿರುತ್ತದೆ. ಘಟನೆಗೆ 250 ಪದಕ್ಕಿಂತ ಹೆಚ್ಚು ಹೋದರೆ ಯೋಚನೆಗೆ ಜಾಗ ಉಳಿಯುವುದಿಲ್ಲ.

ನಿಮ್ಮ ಕೈಯಲ್ಲಿ ಪೆನ್ಸಿಲ್ ಮಾತ್ರ ಇರಲಿ. ಅರ್ಥವಾಗದ ಕಡೆ ಪ್ರಶ್ನಾರ್ಥಕ ಚಿಹ್ನೆ, ಮಗುವಿನ ದನಿ ಕೇಳಿದ ಕಡೆ ಅಡಿಗೆರೆ, ಅಷ್ಟೇ. ವಾಕ್ಯ ಬರೆದುಕೊಟ್ಟಿರೋ, ನಲವತ್ತೈದು ವರ್ಷದವರ ಆಫೀಸ್ ಇಂಗ್ಲಿಷ್ ನುಸುಳಿತು ಎಂದೇ ಲೆಕ್ಕ. ಅದೇ ಅರ್ಜಿಯ ಸಣ್ಣ ಉತ್ತರಗಳಲ್ಲಿ ಹದಿನೇಳರ ಭಾಷೆ ಇರುವುದರಿಂದ ವ್ಯತ್ಯಾಸ ಎದ್ದು ಕಾಣುತ್ತದೆ. ಎಐ ಬರೆದುಕೊಟ್ಟದ್ದನ್ನು ತನ್ನದೆಂದು ಕಳಿಸುವುದನ್ನು ಕಾಮನ್ ಆ್ಯಪ್ ವಂಚನೆ ಎಂದೇ ಪರಿಗಣಿಸುತ್ತದೆ. ಓದಲು ಇಬ್ಬರು ಸಾಕು: ಮಗುವನ್ನು ಬಲ್ಲ ಒಬ್ಬರು, ಕೊಡಗನ್ನೇ ಕಾಣದ ಒಬ್ಬರು. ಕಣ, ಲೈನ್ ಮನೆ (ತೋಟದ ಕಾರ್ಮಿಕರ ಸಾಲು ಮನೆ), ಐನ್‌ಮನೆ (ಕುಟುಂಬದ ಮೂಲ ಮನೆ) ಎಂಬಲ್ಲೆಲ್ಲ ಎರಡನೆಯವರು ಎಡವುತ್ತಾರೆ. ಅಂಥ ಪದಕ್ಕೆ ಅರ್ಧ ವಾಕ್ಯದ ವಿವರಣೆ ಸೇರಿಸಿ. ಅಂಥ ಪದಗಳು ಮೂರಕ್ಕಿಂತ ಹೆಚ್ಚಾದರೆ ಉಳಿದವನ್ನು ಬಿಡಿ.

ಬ್ರಿಟನ್‌ಗೆ ಇದೇ ಪ್ರಬಂಧ ನಡೆಯದು. ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ವೇದಿಕೆಯಾದ ಯುಕಾಸ್‌ನ ಅರ್ಜಿಯಲ್ಲಿ ಈಗ ಮೂರು ಪ್ರಶ್ನೆಗಳು: ಈ ವಿಷಯ ಏಕೆ, ಓದು ಹೇಗೆ ಸಿದ್ಧಗೊಳಿಸಿದೆ, ತರಗತಿಯ ಹೊರಗೆ ಏನು ಮಾಡಿದ್ದೀಯ. ಒಟ್ಟು 4000 ಅಕ್ಷರ, ಖಾಲಿ ಜಾಗವೂ ಲೆಕ್ಕಕ್ಕೆ. ಪ್ರತಿ ಉತ್ತರಕ್ಕೆ ಕನಿಷ್ಠ 350. ಅಲ್ಲಿ ಕಥೆಗಿಂತ ವಿಷಯದ ಹಸಿವು ಮುಖ್ಯ. ಕೃಷಿ ವಿಜ್ಞಾನಕ್ಕೆ ಹಾಕುವವಳಾದರೆ ಮಣ್ಣು ಅಳೆದದ್ದು ಮೂರನೆಯ ಉತ್ತರದಲ್ಲಿ ಎರಡು ಸಾಲು, ಅಷ್ಟಕ್ಕೇ ನಿಲ್ಲಲಿ. ಅದೇ ಬರಹ ಎಲ್ಲ ಆಯ್ಕೆಗಳಿಗೂ ಹೋಗುವುದರಿಂದ ಯಾವ ವಿಶ್ವವಿದ್ಯಾಲಯದ ಹೆಸರೂ ಬೇಡ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ಹೆಚ್ಚಿನ ವೈದ್ಯಕೀಯ ಕೋರ್ಸ್‌ಗಳಿಗೆ ಅಕ್ಟೋಬರ್ 15 ಕೊನೆ.

ಕರಡನ್ನು ನೆಟ್ ಇಲ್ಲದೆಯೂ ತೆರೆಯುವ ಫೈಲಿನಲ್ಲಿಟ್ಟು, ಕೊನೆಗೆ ಪೇಸ್ಟ್ ಮಾಡಿ. ಕಳಿಸುವ ಮುನ್ನ ಪ್ರಿವ್ಯೂ ಓದಿ: ಒಂದು ಕಾಲೇಜು ಪ್ರತ್ಯೇಕವಾಗಿ ಕೇಳುವ ಪೂರಕ ಪ್ರಬಂಧದಲ್ಲಿ ಇನ್ನೊಂದರ ಹೆಸರು ಉಳಿದುಬಿಡುವುದು ಮಾಮೂಲು. ಅಮೆರಿಕದ ಹಲವು ಕಾಲೇಜುಗಳ ಅರ್ಲಿ (ಮೊದಲ ಸುತ್ತಿನ) ಗಡುವು ನವೆಂಬರ್ 1. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೊರಡುವ ಮೊದಲೇ ಕೊನೆಯ ಕರಡು ಮುಗಿದಿದ್ದರೆ, ಪರಿಶೀಲನೆಗೆ ಎರಡು ವಾರ ಕೈಯಲ್ಲಿರುತ್ತದೆ.