‘ಇನ್‌ಕಾರ್ನಡೈನ್’: ಅಪರೂಪದ ಇಂಗ್ಲಿಷ್ ಪದವೊಂದನ್ನು ಓದುವ ಮತ್ತು ಬಳಸುವ ಬಗೆ

ಇಂಗ್ಲಿಷ್ ಕಾವ್ಯವನ್ನೋ ನಾಟಕವನ್ನೋ ಓದುವಾಗ ‘ಇನ್‌ಕಾರ್ನಡೈನ್’ ಎಂಬ ಪದ ಎದುರಾಗಿ ನಿಘಂಟನ್ನು ತೆರೆದರೆ, ಮಾಂಸದ ಬಣ್ಣದ ನಸುಗೆಂಪು ಎಂಬ ಅರ್ಥವೂ ರಕ್ತಗೆಂಪು ಎಂಬ ಅರ್ಥವೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು ಪದದ ಹುಟ್ಟು ಮತ್ತು ಅದು ಕುಳಿತಿರುವ ವಾಕ್ಯ, ಇವೆರಡನ್ನೂ ನೋಡಿ ತೀರ್ಮಾನಿಸಬೇಕು.

ಹುಟ್ಟಿನ ವಿಷಯ ಬೇಗ ಮುಗಿಯುತ್ತದೆ. ಮಾಂಸ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹೊರಟ ಈ ಪದ ಇಟಾಲಿಯನ್ ಮತ್ತು ಫ್ರೆಂಚ್ ಭಾಷೆಗಳನ್ನು ಹಾದು 16ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ವಿಶೇಷಣವಾಗಿ ಬಂದಿತು; ‘ಕಾರ್ನಿವೋರ್’, ‘ಇನ್‌ಕಾರ್ನೇಶನ್’ ಇದರ ಬಳಗದವೇ.

ಅದನ್ನು ಕ್ರಿಯಾಪದವನ್ನಾಗಿಸಿ, ನಸುಗೆಂಪಿನಿಂದ ನೆತ್ತರಿನ ಕಡೆಗೆ ತಿರುಗಿಸಿದವನು ಶೇಕ್ಸ್‌ಪಿಯರ್. ‘ಮ್ಯಾಕ್‌ಬೆತ್’ ನಾಟಕದ ಎರಡನೆಯ ಅಂಕದ ಎರಡನೆಯ ದೃಶ್ಯದಲ್ಲಿ, ದೊರೆ ಡಂಕನ್‌ನನ್ನು ಕೊಂದು ಬಂದ ಮ್ಯಾಕ್‌ಬೆತ್, ಸಮುದ್ರದೇವತೆ ನೆಪ್ಚೂನನ ಮಹಾಸಾಗರವೆಲ್ಲ ಸೇರಿದರೂ ತನ್ನ ಕೈಯ ರಕ್ತ ತೊಳೆದೀತೇ ಎಂದು ಕೇಳಿಕೊಂಡು, ಇಲ್ಲ, ಈ ಕೈಯೇ ‘ಮಲ್ಟಿಟ್ಯೂಡಿನಸ್ ಸೀಸ್ ಇನ್‌ಕಾರ್ನಡೈನ್’ ಮಾಡೀತು ಎನ್ನುತ್ತಾನೆ. ಮರುಸಾಲು ‘ಮೇಕಿಂಗ್ ದ ಗ್ರೀನ್ ಒನ್ ರೆಡ್’. ಇಲ್ಲಿ ನಿಧಾನಿಸಿ ಓದಬೇಕು: ಲ್ಯಾಟಿನ್ ಮೂಲದ ಎರಡು ಉದ್ದನೆಯ ಪದಗಳು ಮೊರೆದ ಮೇಲೆ, ಅದೇ ಮಾತು ಪುಟ್ಟ ಪುಟ್ಟ ಅಚ್ಚ ಇಂಗ್ಲಿಷ್ ಪದಗಳಲ್ಲಿ ಮತ್ತೆ ಬರುತ್ತದೆ. ಪದದ ಅರ್ಥ ತಿಳಿಯದ ಪ್ರೇಕ್ಷಕನಿಗೂ ಅದು ತಲುಪಿಬಿಡುತ್ತದೆ. ಶೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಗ್ರಹವಾದ 1623ರ ಫೋಲಿಯೋ ಮುದ್ರಣದಲ್ಲಿ ಅಲ್ಪವಿರಾಮ ‘ಒನ್’ ಆದ ಮೇಲೆ ಬಿದ್ದು, ಹಸಿರಾದದ್ದು ಕೆಂಪಾಯಿತು ಎಂಬ ಅರ್ಥ ಬಂದರೆ, ಇಂದಿನ ಸಂಪಾದಕರಲ್ಲಿ ಅನೇಕರು ‘ಗ್ರೀನ್’ ಆದ ಮೇಲೆ ನಿಲ್ಲಿಸಿ, ಹಸಿರು ನೀರೆಲ್ಲ ಒಂದೇ ಕೆಂಪಾಯಿತು ಎಂದು ಓದುತ್ತಾರೆ. ಈ ಓದೇ ಹೆಚ್ಚು ಭೀಕರವೆಂದು ನನಗನ್ನಿಸುತ್ತದೆ.

ಎಲ್ಲೆಡೆಯೂ ನೆತ್ತರನ್ನೇ ಹುಡುಕಬಾರದು. 1859ರಲ್ಲಿ ಪ್ರಕಟವಾದ ಎಡ್ವರ್ಡ್ ಫಿಟ್ಸ್‌ಜೆರಾಲ್ಡ್‌ನ ಪರ್ಷಿಯನ್ ಕವಿ ಉಮರ್ ಖಯ್ಯಾಮ್‌ನ ಪದ್ಯಗಳ ಅನುವಾದದಲ್ಲಿ, ಗುಲಾಬಿಯ ಹಳದಿ ಕೆನ್ನೆಗೆ ಕೆಂಪೇರಲೆಂದು ನೈಟಿಂಗೇಲ್ ಹಕ್ಕಿ ‘ವೈನ್, ವೈನ್’ ಎಂದು ಕೂಗುತ್ತದೆ. ಅಲ್ಲಿ ಇದೇ ಕ್ರಿಯಾಪದ ಕೊಲೆಯ ನೆರಳಿಲ್ಲದೆ ನಿಂತಿದೆ. ‘ವೈನ್’ ಜೊತೆಗಿನ ಪ್ರಾಸದಿಂದ ಕೊನೆಯ ಅಕ್ಷರವನ್ನು ‘ಡೈನ್’ ಎಂದು ಉಚ್ಚರಿಸಬೇಕೆಂಬುದೂ ತಿಳಿಯುತ್ತದೆ.

ಸ್ವಂತ ಇಂಗ್ಲಿಷ್ ಬರಹದಲ್ಲಿ ಬಳಸುವುದಾದರೆ, ಬಣ್ಣವು ಒಂದರಿಂದ ಇನ್ನೊಂದಕ್ಕೆ ಹರಡುವ ಸಂದರ್ಭಕ್ಕೆ, ಅಂದರೆ ಮುಳುಗುವ ಸೂರ್ಯ ಹಿಮಶಿಖರವನ್ನು ಕೆಂಪಾಗಿಸುವಂಥ ಕಡೆಗೆ, ಕಾಯ್ದಿರಿಸಬೇಕು. ಕೆಂಪು ಅಂಗಿಯನ್ನು ಬಣ್ಣಿಸಲು ‘ರೆಡ್’ ಸಾಕು. ಮ್ಯಾಕ್‌ಬೆತ್ ಬಲ್ಲ ಓದುಗ ಈ ಪದ ಕಂಡೊಡನೆ ಅಪರಾಧದ ವಾಸನೆ ಹಿಡಿಯುತ್ತಾನೆ. ಅದು ಬೇಡವಾದಲ್ಲಿ ಪದವನ್ನೇ ಬಿಡುವುದು ಒಳ್ಳೆಯದು.

ಕನ್ನಡಕ್ಕೆ ತರುವವರಿಗೆ ಒಂದು ಅನುಕೂಲವಿದೆ. ಲ್ಯಾಟಿನ್ ಮತ್ತು ಅಚ್ಚ ಇಂಗ್ಲಿಷಿನ ಏರಿಳಿತವನ್ನು ಸಂಸ್ಕೃತ ಮತ್ತು ಅಚ್ಚಗನ್ನಡದ ಏರಿಳಿತದಲ್ಲಿ ಹಿಡಿಯಬಹುದು: ಮೊದಲ ಸಾಲಿಗೆ ‘ಅಸಂಖ್ಯ ಸಾಗರಗಳನ್ನು ರಕ್ತವರ್ಣಗೊಳಿಸೀತು’, ಮರುಸಾಲಿಗೆ ‘ಹಸಿರೆಲ್ಲ ಒಂದೇ ಕೆಂಪು’. ಗುಲಾಬಿಯ ಕೆನ್ನೆಗೆ ಮಾತ್ರ ‘ರಕ್ತವರ್ಣ’ ಹೊಂದುವುದಿಲ್ಲ. ‘ಕೆಂಪೇರಿಸು’ ಎಂದರೆ ಸಾಕು.