ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್: ಡ್ರೈವರ್‌ನಿಂದ ಆಂಟೆನಾವರೆಗೆ

ಆರ್‌ಟಿಎಲ್-ಎಸ್‌ಡಿಆರ್ ಎಂದರೆ ಕಂಪ್ಯೂಟರಿನ ತಂತ್ರಾಂಶದ ಮೂಲಕ ರೇಡಿಯೋ ಕೇಳಿಸುವ ಸಾಧನ. ಆರ್820ಟಿ2 ಎಂಬ ಟ್ಯೂನರ್ ಚಿಪ್ ಇರುವ ಈ ಪುಟ್ಟ ಯುಎಸ್‌ಬಿ ಡಾಂಗಲ್ ಸುಮಾರು 24ರಿಂದ 1,766 ಮೆಗಾಹರ್ಟ್ಸ್‌ವರೆಗಿನ ರೇಡಿಯೋ ತರಂಗಗಳನ್ನು ಹಿಡಿಯುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಡ್ರೈವರ್ ಹಂತದಲ್ಲೇ.

ವಿಂಡೋಸ್ ಇದನ್ನು ಟಿವಿ ಟ್ಯೂನರ್ ಎಂದುಕೊಂಡು ಬೇರೆ ಡ್ರೈವರ್ ಹಾಕಿಬಿಡುತ್ತದೆ. ಡಾಂಗಲ್ ಚುಚ್ಚಿ, ಡ್ರೈವರ್ ಬದಲಿಸುವ ಜಡಿಗ್ (Zadig) ತಂತ್ರಾಂಶ ತೆರೆದು, ಆಪ್ಷನ್ಸ್‌ನಲ್ಲಿ ‘ಲಿಸ್ಟ್ ಆಲ್ ಡಿವೈಸಸ್’ ಆರಿಸಿ. ಪಟ್ಟಿಯಿಂದ ‘ಬಲ್ಕ್-ಇನ್, ಇಂಟರ್‌ಫೇಸ್ 0’ ಆಯ್ದು ವಿನ್‌ಯುಎಸ್‌ಬಿ ಡ್ರೈವರ್ ಹಾಕಿ. ಇಲ್ಲಿ ಆತುರ ಬೇಡವೇ ಬೇಡ: ತಪ್ಪಿ ಮೌಸ್ ಅಥವಾ ಕೀಬೋರ್ಡ್ ಆರಿಸಿದರೆ ಅದು ಕೆಲಸ ನಿಲ್ಲಿಸುತ್ತದೆ. ಡಾಂಗಲನ್ನು ಬೇರೆ ಪೋರ್ಟ್‌ಗೆ ಹಾಕಿದಾಗ ಕೆಲವೊಮ್ಮೆ ಇದನ್ನೇ ಮತ್ತೆ ಮಾಡಬೇಕಾಗುತ್ತದೆ. ಲಿನಕ್ಸ್‌ನಲ್ಲಾದರೆ ಕರ್ನೆಲ್‌ನ ಡಿವಿಬಿ (ಡಿಜಿಟಲ್ ಟಿವಿ) ಮಾಡ್ಯೂಲ್ ಡಾಂಗಲನ್ನು ಮೊದಲೇ ಹಿಡಿದಿಟ್ಟುಕೊಳ್ಳುತ್ತದೆ. ಅದು ತಾನಾಗಿ ಲೋಡ್ ಆಗದಂತೆ ಬ್ಲ್ಯಾಕ್‌ಲಿಸ್ಟ್ ಮಾಡಿ ರೀಬೂಟ್ ಮಾಡಿ.

ಎಸ್‌ಡಿಆರ್ ತಂತ್ರಾಂಶದಲ್ಲಿ ಸ್ಯಾಂಪಲ್ ರೇಟ್ (ಸಿಗ್ನಲನ್ನು ಅಳೆಯುವ ವೇಗ) ಸೆಕೆಂಡಿಗೆ 24 ಲಕ್ಷ ಇರಲಿ. ಇನ್ನೂ ಏರಿಸಿದರೆ ಸ್ಯಾಂಪಲ್‌ಗಳು ಕಳೆದು ಧ್ವನಿ ತುಂಡಾಗಬಹುದು. ಮೊದಲು ಒಂದು ಎಫ್‌ಎಂ ಕೇಂದ್ರಕ್ಕೆ, ವೈಡ್ ಎಫ್‌ಎಂ ಮೋಡ್‌ನಲ್ಲಿ ಟ್ಯೂನ್ ಮಾಡಿ.

ಗೇನ್, ಅಂದರೆ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ, ಆರಂಭದಲ್ಲಿ ಸೊನ್ನೆಯಾಗಿದ್ದರೆ ಹೆಚ್ಚಾಗಿ ಏನೂ ಕೇಳಿಸದು. ಹಾಗೆಂದು ಪೂರ್ತಿ ಏರಿಸಬೇಡಿ. ಪ್ರಬಲ ಕೇಂದ್ರಗಳು ಟ್ಯೂನರನ್ನು ಮುಳುಗಿಸಿ, ಇಲ್ಲದ ಜಾಗದಲ್ಲೆಲ್ಲ ನಕಲಿ ಸಿಗ್ನಲ್ ಮೂಡುತ್ತವೆ. ಒಂದೊಂದೇ ಮೆಟ್ಟಿಲು ಏರಿಸುತ್ತಾ, ಸಿಗ್ನಲ್ ಏರದೆ ಗದ್ದಲ ಮಾತ್ರ ಏರತೊಡಗಿದ ಕೂಡಲೇ ಒಂದು ಮೆಟ್ಟಿಲು ಇಳಿಯಿರಿ.

ಆಂಟೆನಾದ ಉದ್ದ ತರಂಗಾಂತರದ ಕಾಲುಭಾಗ: 100 ಮೆಗಾಹರ್ಟ್ಸ್‌ಗೆ ಸುಮಾರು 75 ಸೆಂ.ಮೀ., ವಿಮಾನಗಳ 1,090 ಮೆಗಾಹರ್ಟ್ಸ್‌ಗೆ ಸುಮಾರು 6.9 ಸೆಂ.ಮೀ. ಕಂಪ್ಯೂಟರಿನ ಗದ್ದಲ ತಗಲದಂತೆ ಆಂಟೆನಾವನ್ನು ಕಿಟಕಿಯ ಬಳಿ ಇಡಿ.