ಚೊಗರಿನ ಲೆಕ್ಕ: ಅಡಿಕೆ ಒಲೆಯಿಂದ ಸಿದ್ಧ ಉಡುಪಿನವರೆಗೆ ನಾವು ಮಾಡಿಕೊಂಡ ಒಪ್ಪಂದ

2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣ ಹಾಕುವ ಮತ್ತು ಬಿಳುಪುಗೊಳಿಸುವ ಘಟಕಗಳನ್ನು ಮುಚ್ಚುವಂತೆ ಆದೇಶಿಸಿದಾಗ, ಅಲ್ಲಿನ ಒಂದು ಡೈಯಿಂಗ್ ಘಟಕದಲ್ಲಿ ನಾನು ಮೇಲ್ವಿಚಾರಕನಾಗಿದ್ದೆ. ಹತ್ತಿ ಬಟ್ಟೆಗೆ ರಿಯಾಕ್ಟಿವ್ ಬಣ್ಣ ಹಿಡಿಸಲು ತೊಟ್ಟಿಗೆ ಹೇರಳವಾಗಿ ಉಪ್ಪು ಹಾಕಬೇಕಾಗುತ್ತದೆ. ಆ ಉಪ್ಪು ಬಟ್ಟೆಯಲ್ಲಿ ಉಳಿಯದೆ ಪೂರ್ತಿಯಾಗಿ ನೀರಿನೊಂದಿಗೆ ಹೊರಗೆ ಹೋಗುತ್ತದೆ. ಕೊಳಚೆಯನ್ನು ಕರಗಿಸುವ ಸೂಕ್ಷ್ಮಜೀವಿಗಳು ಉಪ್ಪನ್ನು ಮುಟ್ಟುವುದಿಲ್ಲವಾದ್ದರಿಂದ ಪೊರೆಯ ಮೂಲಕ ಸೋಸಿ, ಉಳಿದದ್ದನ್ನು ಕುದಿಸಿ ಆವಿಯಾಗಿಸದೆ ಬೇರೆ ದಾರಿಯಿಲ್ಲ. ತಿರುಪ್ಪೂರಿನ ಮೂಲಕ ಹರಿಯುವ ನೊಯ್ಯಲ್ ನದಿಗೆ ಆಗಿದ್ದ ಹಾನಿಗೆ ಈ ಉಪ್ಪು ದೊಡ್ಡ ಕಾರಣವಾಗಿತ್ತು. ಘಟಕಗಳು ಪಾಲು ಹಾಕಿಕೊಂಡು ಕಟ್ಟಿದ ಸಾಮೂಹಿಕ ಶುದ್ಧೀಕರಣ ಸ್ಥಾವರಗಳು ಅಲ್ಲಿ ಇರಲಿಲ್ಲವೆಂದಲ್ಲ. ಆದರೆ ನಾನಿದ್ದ ಕಡೆ ಬಟ್ಟೆ ಕೊಳ್ಳುವವರು ಕಿಲೋ ಲೆಕ್ಕದಲ್ಲಿ ದರ ಚೌಕಾಸಿ ಮಾಡುತ್ತಿದ್ದರೇ ಹೊರತು ಆ ದರದಲ್ಲಿ ನೀರಿನ ಖರ್ಚು ಸೇರಿದೆಯೇ ಎಂದು ಒಮ್ಮೆಯೂ ಕೇಳಿದವರಲ್ಲ. ಆ ಖರ್ಚು ಯಾರ ಪುಸ್ತಕದಲ್ಲಿಯೂ ಇಲ್ಲದ್ದರಿಂದ ನದಿಯ ಪುಸ್ತಕಕ್ಕೆ ಹೋಯಿತು.

ಕೆಲಸ ಬಿಟ್ಟು ಸಾಗರ ಸೀಮೆಯ ಊರಿಗೆ ಮರಳಿದ ನನಗೆ ಅಡಿಕೆ ಚೊಗರು ಹೊಸದಾಗಿರಲಿಲ್ಲ. ಎಳೆಯ ಅಡಿಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಗಂದು ರಸವನ್ನು ಅಡಿಕೆಗೇ ಬಣ್ಣ ಕಟ್ಟಲು ಬಳಸುತ್ತಾರೆ, ಮುಂದಿನ ಸುಗ್ಗಿಯ ಮೊದಲ ಒಲೆಗೆಂದು ಒಂದಿಷ್ಟನ್ನು ತೆಗೆದಿಡುತ್ತಾರೆ. ಮಿಕ್ಕಿದ್ದನ್ನು ಕೆಲವರು ಮಾರಿದರೆ ಹಲವರು ಚೆಲ್ಲುತ್ತಾರೆ. ಅದರಿಂದ ನೂಲಿಗೆ ಬಣ್ಣ ಹಾಕಬಹುದೆಂಬುದನ್ನು ಕಂಡುಹಿಡಿದವನು ನಾನಲ್ಲ, ಹೆಗ್ಗೋಡಿನ ಚರಕ ಸಂಸ್ಥೆ ಅದನ್ನು ಎಷ್ಟೋ ವರ್ಷಗಳಿಂದ ಮಾಡುತ್ತ ಬಂದಿದೆ. ನಾನು ಮಾಡಹೊರಟದ್ದು ಚೊಗರು ಕೊಡುವವರು, ಬಣ್ಣ ಹಾಕುವ ನಾನು, ನೇಯುವ ಮಹಿಳೆಯರ ಗುಂಪು ಮತ್ತು ಬೆಂಗಳೂರಿನ ಒಂದು ಸಣ್ಣ ಸಿದ್ಧ ಉಡುಪಿನ ಕಂಪನಿ, ಈ ನಾಲ್ವರ ನಡುವೆ ಬರಹದಲ್ಲಿ ಒಂದು ಒಪ್ಪಂದ.

ಮೊದಲ ತೊಡಕು ಚೊಗರಿನ ಒಡೆಯರು ಯಾರೆಂಬುದೇ ಆಗಿತ್ತು. ತೋಟದವರೊಡನೆ ಮಾತು ಮುಗಿಸಿ ನೆಮ್ಮದಿಯಾಗಿದ್ದವನಿಗೆ, ಅವರಲ್ಲಿ ಅರ್ಧದಷ್ಟು ಜನ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದಾರೆಂದೂ ಬೇಯಿಸುವ ಒಲೆ ಚೇಣಿದಾರರದೆಂದೂ ಆಮೇಲೆ ತಿಳಿಯಿತು. "ಚೆಲ್ಲೋ ನೀರಿಗೆ ದುಡ್ಡು ಕೊಡ್ತೀರಿ ಅಂದ್ರೆ ಬ್ಯಾಡ ಅನ್ನಕ್ಕೆ ನಾವ್ಯಾರು ಮಾರಾಯ್ರೆ" ಎಂದು ನಕ್ಕ ಹಿರಿಯ ಚೇಣಿದಾರರೊಬ್ಬರು ಒಪ್ಪಿಕೊಂಡರು. ಮರುವರ್ಷ ಅದೇ ನೀರಿಗೆ ದರ ಏರಿಸಿದವರಲ್ಲಿಯೂ ಅವರೇ ಮೊದಲಿಗರು. ಚೆಲ್ಲುವ ವಸ್ತುವಿಗೆ ಬೆಲೆ ಕಟ್ಟಿದ ದಿನವೇ ಅದು ಚೆಲ್ಲುವ ವಸ್ತುವಾಗಿ ಉಳಿಯುವುದಿಲ್ಲವೆಂಬುದನ್ನು ಲೆಕ್ಕ ಹಾಕದೆ ಇದ್ದದ್ದು ನನ್ನ ತಪ್ಪು.

ಲೀಟರಿಗಿಷ್ಟು ಎಂದು ದರ ಗೊತ್ತುಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಒಬ್ಬರ ಡ್ರಮ್ಮಿನಲ್ಲಿ ಹಲವು ಹಂಡೆ ಅಡಿಕೆ ಬೆಂದ ಗಟ್ಟಿ ರಸವಿದ್ದರೆ ಇನ್ನೊಬ್ಬರದರಲ್ಲಿ ಒಂದೇ ಬೇಯಿಸಿಗೆಯ ತೆಳು ನೀರಿರುತ್ತಿತ್ತು, ಮತ್ತು ತೆಳುವಾದದ್ದು ಬೇಗನೆ ಬೂಷ್ಟು ಹಿಡಿಯುತ್ತಿತ್ತು. ಎರಡನೆಯ ಸುಗ್ಗಿಯಿಂದ ಪ್ರತಿ ಡ್ರಮ್ಮನ್ನೂ ಕಲಕಿ, ನೂರು ಮಿಲಿಲೀಟರ್ ರಸವನ್ನು ಕೊಟ್ಟವರ ಎದುರಿನಲ್ಲಿಯೇ ತಟ್ಟೆಯಲ್ಲಿ ಬತ್ತಿಸಿ, ಉಳಿದ ಗಷ್ಟಿನ ತೂಕದ ಮೇಲೆ ಹಣ ಕೊಡತೊಡಗಿದೆ. ಜಗಳಗಳು ನಿಂತದ್ದು ಈ ತಟ್ಟೆಯಿಂದಲೇ ಹೊರತು ಒಪ್ಪಂದಪತ್ರದ ಭಾಷೆಯಿಂದಲ್ಲ.

ಬೆಂಗಳೂರಿನವರೊಡನೆ ನಡೆದ ಮಾತುಕತೆ ಬೇರೆಯ ಬಗೆಯದು. ಅವರ ಮೊದಲ ಪ್ರಶ್ನೆ ನನಗೆ ಅನಿರೀಕ್ಷಿತವಾಗಿತ್ತು: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾರಲ್ಲ, ನೂರು ಲೀಟರ್ ನೀರಿಗೆ ಒಂದು ಕಿಲೋದಂತೆ ಹಾಕುವ ಆ ಮೈಲುತುತ್ತದ ತಾಮ್ರ ಚೊಗರಿಗೆ ಇಳಿಯುವುದಿಲ್ಲವೇ? ದ್ರಾವಣ ಕೂರುವುದು ಸಿಪ್ಪೆಯ ಮೇಲೆ, ಬೇಯಿಸುವುದು ಸಿಪ್ಪೆ ಸುಲಿದ ಮೇಲೆ ಎಂದು ನಾನು ಹೇಳಿದೆ. ಅವರು ನನ್ನ ಮಾತಿಗೆ ಬಿಡದೆ ನೂಲನ್ನು ಪ್ರಯೋಗಾಲಯಕ್ಕೆ ಕಳಿಸಿದರು, ಫಲಿತಾಂಶ ಅವರ ಮಿತಿಯೊಳಗೇ ಬಂದಿತು. ಪರೀಕ್ಷೆಯ ಖರ್ಚನ್ನು ಅವರೇ ಕೊಟ್ಟರೆಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಇಂಥ ಖರ್ಚು ಸಾಮಾನ್ಯವಾಗಿ ಕೆಳಗಿನವನ ತಲೆಗೇ ಬರುತ್ತದೆ.

ಆದರೆ ಛಾಯೆಯ ವಿಷಯದಲ್ಲಿ ಅವರು ಸುಲಭವಾಗಿ ಒಪ್ಪಲಿಲ್ಲ. ಚೊಗರಿನ ಬಣ್ಣ ಸ್ಫಟಿಕದೊಡನೆ (ಆಲಂ) ಕೆಂಗಂದಾಗಿ ನಿಂತರೆ ಕಬ್ಬಿಣದ ಲವಣವಾದ ಅನ್ನಭೇದಿಯೊಡನೆ ಕಪ್ಪಿಗೆ ತಿರುಗುತ್ತದೆ. ಸುಣ್ಣ ಅಥವಾ ಸೋಪಿನ ಕ್ಷಾರ ತಾಗಿದರೆ ಕೆಂಪೇರುತ್ತದೆ, ಇದು ಎಲೆಯಡಿಕೆ ಹಾಕುವ ಯಾರಿಗಾದರೂ ಗೊತ್ತಿರುವ ವಿಷಯ. ಹೀಗಿರುವಾಗ ಅಕ್ಟೋಬರಿನ ನೂಲೂ ಜನವರಿಯ ನೂಲೂ ಮಾದರಿಯಾಗಿ ಇಟ್ಟುಕೊಂಡ ಒಂದೇ ಬಟ್ಟೆ ಚೂರಿಗೆ ಹೊಂದಬೇಕೆಂದರೆ ಅದು ಆಗದ ಮಾತು. ಮೂರು ಸಭೆಗಳ ನಂತರ ಒಂದು ಚೂರಿನ ಬದಲು ಎರಡು ಚೂರುಗಳಿಗೆ ಸಹಿ ಹಾಕಿದೆವು, ಒಂದು ಅತಿ ತಿಳಿ, ಇನ್ನೊಂದು ಅತಿ ಗಾಢ. ಇವೆರಡರ ನಡುವೆ ಬಂದದ್ದನ್ನು ಅವರು ತಿರಸ್ಕರಿಸುವಂತಿಲ್ಲ, ಹೊರಗೆ ಬಿದ್ದದ್ದನ್ನು ನಾನು ಕಳಿಸುವಂತಿಲ್ಲ. ಒಂದು ಅಂಗಿಗೆ ಬೇಕಾದ ಹಾಸು ಹೊಕ್ಕುಗಳೆರಡೂ ಒಂದೇ ತೊಟ್ಟಿಯಲ್ಲಿ ಬಣ್ಣ ಹಾಕಿದ ನೂಲಿನ ಲಡಿಗಳಾಗಿರಬೇಕೆಂಬ ಷರತ್ತನ್ನು ಸೇರಿಸಿದವರು ನೇಯುವ ಹೆಂಗಸರು. ಆ ಷರತ್ತು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಸಹಜ ಬಣ್ಣವೆಂದ ಮಾತ್ರಕ್ಕೆ ಕೊಳಚೆಯಿಲ್ಲವೆಂದು ಹೇಳಿ ಮಾರುವವರನ್ನು ನಾನು ನಂಬುವುದಿಲ್ಲ. ಚೊಗರಿನ ಒಗರೂ ಅನ್ನಭೇದಿಯೂ ಸೇರಿದ ನೀರು ಮಸಿಯಷ್ಟೇ ಕಪ್ಪು. ಮೊದಲ ವರ್ಷ ಅದು ಸೋರಿ ಕೆಳಗಿನ ತೋಟದ ಬಸಿಗಾಲುವೆ ಸೇರಿದಾಗ ಪಕ್ಕದ ಮನೆಯವರು ಬಂದು ಬೈದದ್ದು ನ್ಯಾಯವೇ ಆಗಿತ್ತು. ಆ ಬಳಿಕ ಸುಣ್ಣ ಹಾಕಿ ಗಷ್ಟು ಇಳಿಸುವ ಎರಡು ತೊಟ್ಟಿಗಳನ್ನೂ ಕಾಬಾಳೆ ನೆಟ್ಟ ಜಲ್ಲಿಯ ಪಾತಿಯೊಂದನ್ನೂ ಕಟ್ಟಿದೆ, ಕಪ್ಪು ಬಣ್ಣದ ಕೆಲಸವನ್ನು ಕಡಿಮೆ ಮಾಡಿದೆ. ತಿರುಪ್ಪೂರಿನ ನೆನಪಿನಿಂದಲೇ ಇರಬೇಕು, ಬಿಲ್ಲಿನಲ್ಲಿ ನೂಲು, ಬಣ್ಣ, ಕೂಲಿಗಳ ಕೆಳಗೆ 'ನೀರಿನ ಬಾಬ್ತು' ಎಂಬ ಪ್ರತ್ಯೇಕ ಸಾಲು ಇರಲೇಬೇಕೆಂದೂ, ದರ ಇಳಿಸುವ ಮಾತು ಬಂದರೆ ಆ ಸಾಲನ್ನು ಮುಟ್ಟಬಾರದೆಂದೂ ಹಟ ಹಿಡಿದೆ. ಕಂಪನಿಯ ಲೆಕ್ಕಪತ್ರದವರು ಇದನ್ನು ವಿಚಿತ್ರವೆಂದುಕೊಂಡರು, ಆದರೆ ಮಾಲೀಕರು ಸಹಿ ಮಾಡಿದರು.

ಒಪ್ಪಂದದ ನಿಜವಾದ ಪರೀಕ್ಷೆ 2020ರ ಲಾಕ್‌ಡೌನಿನಲ್ಲಾಯಿತು. ಹಿಂದಿನ ಆಗಸ್ಟಿನ ವಿಪರೀತ ಮಳೆಗೆ ಕೊಳೆ ಹೆಚ್ಚಿ ಚೊಗರೇ ಕಡಿಮೆಯಾಗಿತ್ತು, ಇದ್ದುದರಲ್ಲಿ ಬಣ್ಣ ಹಾಕಿದ ಲಡಿಗಳು ಮಾರ್ಚಿನಲ್ಲಿ ನನ್ನ ಅಟ್ಟದಲ್ಲಿಯೇ ಉಳಿದವು. ಕಂಪನಿ ಸುಗ್ಗಿಗೆ ಮೊದಲೇ ಮುಂಗಡ ಕೊಡಬೇಕೆಂಬ ಕಲಮು ಇದ್ದದ್ದರಿಂದ ಚೇಣಿದಾರರ ಹಣ ಆಗಲೇ ಸಂದಿತ್ತು, ನನ್ನ ಮೈಮೇಲೆ ಸಾಲ ಬರಲಿಲ್ಲ. ನೇಯುವವರಿಗೆ ಮಾತ್ರ ಅಂಥ ರಕ್ಷಣೆ ಇರಲಿಲ್ಲ, ಏಕೆಂದರೆ ಅವರ ಕೂಲಿಯನ್ನು ಬಟ್ಟೆ ಕೈಸೇರಿದ ಮೇಲೆ ಎಂದು ಬರೆದಿದ್ದೆವು. ಕಂಪನಿ ಆ ಬೇಸಿಗೆಯಲ್ಲಿ ಅವರಿಗೆ ಅರ್ಧ ಕೂಲಿ ಕೊಟ್ಟಿತು. ಅದು ಅವರ ದೊಡ್ಡಮನಸ್ಸು, ಒಪ್ಪಂದವಲ್ಲ. ಮುಂದಿನ ಪತ್ರದಲ್ಲಿ ಮಗ್ಗಕ್ಕೆ ನೂಲು ಏರಿಸಿದ ದಿನವೇ ಕಾಲುಭಾಗ ಕೂಲಿ ಎಂದು ತಿದ್ದಿಕೊಂಡೆವು.

ಈಗ ಉಳಿದಿರುವುದು ಸೌದೆಯ ಪ್ರಶ್ನೆ. ಒಣಗಿದ ಅಡಿಕೆ ಸಿಪ್ಪೆಯನ್ನೇ ಉರಿಸಿ ತೊಟ್ಟಿ ಕಾಯಿಸಲು ಶುರುಮಾಡಿದ್ದೇನೆ. ಹೊಗೆ ಹೆಚ್ಚು, ಕಾವು ನಿಲ್ಲುವುದಿಲ್ಲ, ಮತ್ತು ಆ ಸಿಪ್ಪೆಗೂ ದರ ಎಷ್ಟೆಂದು ಹಿರಿಯ ಚೇಣಿದಾರರು ಕಳೆದ ವಾರ ವಿಚಾರಿಸಿಕೊಂಡು ಹೋಗಿದ್ದಾರೆ.